ಮಲಗಿ ಒಂದು, ನಿಂತು ಎರಡು: ವರ್ಷ ತುಂಬಿದ ಹೊತ್ತಿಗೆ ಕೃತಜ್ಞತೆ

ಬಡಾವಣೆಯ ಹಿರಿಯರಿಗಾಗಿ ನಡೆಸುತ್ತಿರುವ ಭಾನುವಾರದ ಬಿ.ಪಿ. ತಪಾಸಣೆಗೆ ಒಂದು ವರ್ಷವಾಯಿತು. ಕೈಜೋಡಿಸಿದವರಿಗೆಲ್ಲ ನಮಸ್ಕಾರ.

ಮೊದಲನೆಯದು, ಬೆಂಚಿನ ಮೇಲೆ ಐದು ನಿಮಿಷ ಮಾತಾಡದೆ ಮಲಗಿದ ಅಜ್ಜ ಅಜ್ಜಿಯರಿಗೆ. ಕೂರಿಸಿ ಒಂದೇ ಸಲ ನೋಡಿ ಕಳಿಸುವುದು ಸುಲಭ. ಆದರೆ ಎದ್ದಾಗ ಕಣ್ಣು ಕತ್ತಲಿಡುವವರ ಬಿ.ಪಿ. ಕೂತಾಗ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹಾಗಾಗಿ ಮಲಗಿದ್ದಾಗ ಒಂದು ಅಳತೆ, ಎದ್ದು ನಿಂತ ಒಂದನೇ ನಿಮಿಷಕ್ಕೆ ಒಂದು, ಮೂರನೇ ನಿಮಿಷಕ್ಕೆ ಇನ್ನೊಂದು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತೋರಿಸಬೇಕಾದ ಇಳಿತ. ನಾವು ಎದ್ದ ಕೂಡಲೇ ಅರ್ಧ ಲೀಟರಿನಷ್ಟಾದರೂ ರಕ್ತ ಹೊಟ್ಟೆ, ಕಾಲುಗಳ ಕಡೆ ಜಾರುತ್ತದೆ. ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿಹಿಡಿದು ಎದೆಬಡಿತ ಏರಿಸಬೇಕು. ವಯಸ್ಸಾದವರಲ್ಲಿ, ಹಳೆಯ ಶುಗರ್ ಇದ್ದವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಆ ಬಿಗಿತ ತಡವಾಗುತ್ತದೆ, ಇಲ್ಲವೇ ಸಾಲದೆ ಹೋಗುತ್ತದೆ.

ಪಟ್ಟಿ ಕಟ್ಟಿದ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತ ಕಾಲೇಜು ಹುಡುಗ ಹುಡುಗಿಯರಿಗೆ ವಿಶೇಷ ಥ್ಯಾಂಕ್ಸ್. ಸಣ್ಣ ಕೆಲಸವೆಂದು ಯಾರಾದರೂ ಅಂದುಕೊಂಡರೆ ತಪ್ಪು. ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಯಂತ್ರ ಸುಮಾರು 8 ಅಂಕಿ ಜಾಸ್ತಿ ತೋರಿಸುತ್ತದೆ. ಕೈ ಜೋತುಬಿಟ್ಟು ನಿಂತರೆ ನಿಜವಾದ ಇಳಿತ ಅಲ್ಲೇ ಮುಚ್ಚಿಹೋಯಿತು! ನಾಡಿಯನ್ನೂ ಪಕ್ಕದಲ್ಲೇ ಬರೆದಿಟ್ಟದ್ದು ಬಹಳ ಉಪಯೋಗಕ್ಕೆ ಬಂತು. ಬಿ.ಪಿ. ಇಳಿದಾಗ ನಾಡಿ ಜೋರಾಗಿ ಏರಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೇ, ರಕ್ತಹೀನತೆ ಇದೆಯೇ ಎಂದು ನೋಡಬೇಕು. ಏರದೆ ಇದ್ದರೆ ನರಗಳ ಮೇಲೆ ಅನುಮಾನ. ಎದೆಬಡಿತ ತಗ್ಗಿಸುವ ಗುಳಿಗೆ ನುಂಗುವವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಗುಳಿಗೆಗಳ ಚೀಲವನ್ನೇ ಸುರಿಸಿ ಒಂದೊಂದಾಗಿ ನೋಡಿದ ಔಷಧಿ ಅಂಗಡಿಯವರಿಗೆ ನಾವು ಋಣಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್, ಮೂತ್ರ ಹೆಚ್ಚಿಸುವ ಗುಳಿಗೆ, ಇವೆಲ್ಲ ಬೇರೆ ಬೇರೆ ವೈದ್ಯರು ಬರೆದವು; ಒಂದೇ ಹೊಟ್ಟೆಗೆ ಹೋದಾಗ ಬಿ.ಪಿ. ಕುಸಿಯಬಹುದು. ಆದರೆ ತಲೆಸುತ್ತು ಬಂತೆಂದು ಬಿ.ಪಿ. ಗುಳಿಗೆಯನ್ನು ತಾವೇ ನಿಲ್ಲಿಸುವುದು ಕೆಟ್ಟ ತಪ್ಪು. ಗೊತ್ತಾಗದೆ ಆಗುವ ಸ್ಟ್ರೋಕಿಗೆ ಹತೋಟಿ ತಪ್ಪಿದ ಬಿ.ಪಿ.ಯೇ ದೊಡ್ಡ ಕಾರಣ. ಮೂರೂ ಅಳತೆ ಬರೆದ ಚೀಟಿ ತೋರಿಸಿ, ಯಾವುದನ್ನು ಬಿಡಬೇಕು, ಯಾವುದನ್ನು ಯಾವ ಹೊತ್ತಿಗೆ ನುಂಗಬೇಕು ಎಂದು ವೈದ್ಯರನ್ನೇ ಕೇಳಿ.

ಈ ಸ್ಟ್ರೋಕಿನ ಭಯ ಹೊತ್ತು ಬಂದವರೊಡನೆ ತಾಳ್ಮೆಯಿಂದ ಕೂತ ನರರೋಗ ವೈದ್ಯೆಗೆ ಎಷ್ಟು ಹೇಳಿದರೂ ಕಡಿಮೆ. ಅವರು ಬಿಡಿಸಿ ಹೇಳಿದ್ದು ಇಷ್ಟು: ಎದ್ದಾಗ ಕತ್ತಲಿಟ್ಟು, ಕೂತರೆ ಸರಿಹೋಗುವುದು ಗೊತ್ತಾಗದ ಸ್ಟ್ರೋಕಿನ ಗುರುತಲ್ಲ. ಗೊತ್ತಾಗದ ಸ್ಟ್ರೋಕೆಂದರೆ ಎಂ.ಆರ್.ಐ.ನಲ್ಲಿ ಕಾಣುವ, ಮಿದುಳಿನ ಆಳದ ಹಳೆಯ ಗಾಯ; ಸಾಮಾನ್ಯವಾಗಿ 3ರಿಂದ 15 ಮಿ.ಮೀ. ಅಗಲ. ಸಿ.ಟಿ.ಯಲ್ಲಿ ಚಿಕ್ಕವು ತಪ್ಪಿಹೋಗುತ್ತವೆ. ಹಾಗೆಂದು ಎಲ್ಲರೂ ಸ್ಕ್ಯಾನಿಗೆ ಓಡಬೇಕಿಲ್ಲ. ಕಂಡಿದ್ದರೆ ಬಿ.ಪಿ., ಶುಗರ್ ಹತೋಟಿಗೆ ತರಬೇಕು, ಬೀಡಿ ಸಿಗರೇಟು ಬಿಡಬೇಕು, ನಾಡಿ ತಾಳ ತಪ್ಪುತ್ತಿದ್ದರೆ ಇ.ಸಿ.ಜಿ. ಮಾಡಿಸಬೇಕು. ಆಸ್ಪಿರಿನ್ ಸ್ವಂತ ಬುದ್ಧಿಯಿಂದ ಶುರುಮಾಡುವಂತಿಲ್ಲ. ಇನ್ನು ಹಾಸಿಗೆಯಲ್ಲಿ ಮಗ್ಗುಲಾದಾಗ ಸೂರು ಗಿರ್ರೆಂದರೆ ಅದು ಹೆಚ್ಚಾಗಿ ಕಿವಿಯ ತೊಂದರೆ, ಅದರ ದಾರಿಯೇ ಬೇರೆ.

ಮಂಚದ ತಲೆಯ ಕಡೆಯ ಕಾಲುಗಳಿಗೆ ಮುಕ್ಕಾಲು ಅಡಿ ಎತ್ತರದ ದಿಮ್ಮಿ ಮಾಡಿಕೊಟ್ಟ ಬಡಗಿಯಣ್ಣನಿಗೂ ನಮಸ್ಕಾರ. ದಿಮ್ಮಿಯ ಮೇಲೆ ಕಾಲು ಜಾರದಂತೆ ಗುಳಿ ತೋಡಿದ್ದು ಅವರದೇ ಯೋಚನೆ. ಎರಡು ದಿಂಬು ಇಟ್ಟರೆ ಕತ್ತು ಬಾಗುತ್ತದೆಯೇ ಹೊರತು ಮೈ ಇಳಿಜಾರಾಗುವುದಿಲ್ಲ. ಇಳಿಜಾರಾಗಿ ಮಲಗಿದರೆ ರಾತ್ರಿ ಮೂತ್ರದಲ್ಲಿ ಹೋಗುವ ಉಪ್ಪುನೀರು ಕಡಿಮೆಯಾಗಿ, ಬೆಳಿಗ್ಗೆಯ ಇಳಿತವೂ ತಗ್ಗುತ್ತದೆ.

ಮನೆಯಲ್ಲಿ ನಿಗಾ ಇಟ್ಟ ಸೊಸೆಯರು, ಮಕ್ಕಳು, ಮೊಮ್ಮಕ್ಕಳು: ನಿಮ್ಮ ಕೆಲಸಕ್ಕೆ ಭಾನುವಾರದ ರಜೆಯೂ ಇಲ್ಲ. ಹಾಸಿಗೆ ಬಿಡುವ ಮೊದಲು ಎರಡು ದೊಡ್ಡ ಲೋಟ, ಅಂದರೆ ಅರ್ಧ ಲೀಟರ್ ನೀರನ್ನು ಎರಡು ಮೂರು ನಿಮಿಷದಲ್ಲಿ ಕುಡಿಸಿದಿರಿ. ಹೃದಯ, ಕಿಡ್ನಿ ಕಾಯಿಲೆಗೆ ನೀರು ಮಿತಿ ಹೇಳಿದ್ದರೆ ಇದು ಬೇಡ. ಎದ್ದು ಕೂರಿಸಿ, ಪಾದ ಹತ್ತಿಪ್ಪತ್ತು ಸಲ ಆಡಿಸಿ, ಆಮೇಲೆ ನಿಲ್ಲಿಸಿದಿರಿ. ಹೊಟ್ಟೆ ಬಿರಿಯ ಮುದ್ದೆ, ಅನ್ನ ಉಂಡ ಮೇಲಿನ ಎರಡು ಗಂಟೆ, ಬಿಸಿಬಿಸಿ ನೀರಿನ ಸ್ನಾನ, ಕುಕ್ಕರುಗಾಲಲ್ಲಿ ಕೂತು ಏಳುವ ಪಾಯಿಖಾನೆ, ಈ ಮೂರೂ ಕಡೆ ಬೀಳುವ ಭಯ ಜಾಸ್ತಿ. ಗೋಡೆಗೆ ಹಿಡಿ ಹಾಕಿಸಿ, ಬಚ್ಚಲಿನ ಒಳಚಿಲಕ ತೆಗೆಸಿದ ಮನೆಯವರು ಜಾಣರು.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಮ್ಮ ಬೆಂಚಿಗೆ ಕಾಯಬೇಡಿ. 108ಕ್ಕೆ ಕರೆಮಾಡಿ. ಕೊನೆಯ ಸಲ ಚೆನ್ನಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆಯ ಗಡುವು ಅಲ್ಲಿಂದಲೇ ಲೆಕ್ಕ.

ಬರುವ ಭಾನುವಾರವೂ ಎಂದಿನಂತೆ ಆರೂವರೆಗೆ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ, ಗುಳಿಗೆ ಚೀಲ ಜೊತೆಗಿರಲಿ.