ಶನಿವಾರದ ಮ್ಯಾಚ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಹೈಸ್ಕೂಲ್ ಹುಡುಗಿಯರ ವಾಲಿಬಾಲ್ ಸೆಮಿಫೈನಲ್ ಇದೆ, ಆದಷ್ಟು ಜನ ಬನ್ನಿ. ಅದಕ್ಕೂ ಮುಂಚೆ ಒಂದು ಮಾತು.

ಕಳೆದ ಮ್ಯಾಚ್‌ನಲ್ಲಿ ನಾನು ಗೆರೆಯ ಪಕ್ಕದಲ್ಲೇ ಕೂತಿದ್ದೆ. ಸರ್ವ್ ಮಾಡಲು ಬಂದ ಹುಡುಗಿ ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದಳು, ಅಷ್ಟರಲ್ಲಿ ನಮ್ಮ ಕಡೆಯಿಂದಲೇ ಯಾರೋ "ಈ ಸಲವಾದರೂ ನೆಟ್‌ಗೆ ಹೊಡೀಬೇಡ" ಅಂತ ಕೂಗಿದರು. ಅವಳು ಒಮ್ಮೆ ತಿರುಗಿ ನಮ್ಮನ್ನು ನೋಡಿದಳು, ಚೆಂಡು ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಚೆಂಡು ನೆಟ್‌ಗೇ ಹೋಯಿತು. ಪ್ರಾಕ್ಟೀಸ್‌ನಲ್ಲಿ ಅದೇ ಸರ್ವ್ ಅವಳಿಗೆ ತಪ್ಪುವುದೇ ಅಪರೂಪ.

ಸುಮ್ನೆ ಹೇಳುತ್ತಿಲ್ಲ. ಜನ ನೋಡುತ್ತಿದ್ದರೆ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಕೈಗೆ ಕೂರದ ಕೆಲಸ ಕೆಡುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1965ರಲ್ಲೇ ವಿವರಿಸಿದ್ದರು. ನಮ್ಮ ಮಕ್ಕಳು ಇನ್ನೂ ಕಲಿಯುತ್ತಿದ್ದಾರೆ ಅಲ್ವಾ? 2020ರಲ್ಲಿ ಕೋವಿಡ್‌ನಿಂದಾಗಿ ಯೂರೋಪಿನ ಫುಟ್‌ಬಾಲ್ ಲೀಗ್‌ಗಳು ಖಾಲಿ ಸ್ಟೇಡಿಯಂನಲ್ಲಿ ನಡೆದಾಗ, ಹೊರಗಿನಿಂದ ಬಂದ ತಂಡಗಳಿಗೆ ರೆಫರಿ ಎಚ್ಚರಿಕೆಯಾಗಿ ತೋರಿಸುವ ಹಳದಿ ಕಾರ್ಡ್‌ಗಳೂ ಕಡಿಮೆಯಾದವು. ಅಂದರೆ ಕೂಗಾಟ ರೆಫರಿಯನ್ನೂ ತಟ್ಟುತ್ತದೆ. ಹಾಗಾದರೆ ಜಾಸ್ತಿ ಕೂಗೋಣ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ, ಎದುರು ತಂಡದವರೂ ಮಕ್ಕಳೇ.

ಪಾಯಿಂಟ್ ಬಂದಾಗ ಮನಸಾರೆ ಚಪ್ಪಾಳೆ ತಟ್ಟಿ, ಹೋದಾಗಲೂ ಹೆಸರು ಹಿಡಿದು ಹುರಿದುಂಬಿಸಿ. ಸರ್ವ್ ಹೊತ್ತಿಗೆ ಮಾತ್ರ ಸದ್ದು ಬೇಡ. ಆಟ ಹೇಳಿಕೊಡುವುದನ್ನು ಕೋಚ್‌ಗೆ ಬಿಡಿ. ಬೆಳಿಗ್ಗೆ 9ಕ್ಕೆ ಶುರು, ವಾರ್ಮಪ್ ಹೊತ್ತಿಗೇ ಬಂದರೆ ಹುಡುಗಿಯರಿಗೆ ಖುಷಿಯಾಗುತ್ತದೆ.