ಫ್ರೆಂಚ್ ಮಾತಿಗೆ ನಮ್ಮ ಮಾತಿನ ಅರ್ಥಾನೂ ಹಾಕ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯೊಳಗ ಫ್ರೆಂಚ್ ಆಡುಮಾತಿನ ಬಗ್ಗೆ ಅರ್ಧ ಪೇಜ್ ಬಂದಿತ್ತಲ್ರಿ, ಓದಿ ಭಾಳ ಖುಷಿ ಆತು, ಯಾಕಂದ್ರ ನಾ ಟಿಳಕವಾಡಿಯೊಳಗ ಮನ್ಯಾಗ ಫ್ರೆಂಚ್ ಟ್ಯೂಷನ್ ಹೇಳಾಕಿ, ಕನ್ನಡ ಪೇಪರ್‌ನ್ಯಾಗ ಫ್ರೆಂಚ್ ಬಗ್ಗೆ ಏನರ ಬರೂದೇ ಅಪರೂಪ. ಆದ್ರ ಒಂದ ಮಾತ ಹೇಳಲೇಬೇಕು. ಅದರೊಳಗ ಪ್ರತಿ ಮಾತಿಗೂ ಮೊದಲ ಇಂಗ್ಲಿಷ್ ಅರ್ಥ ತಗೊಂಡು ಆಮ್ಯಾಲ ಆ ಇಂಗ್ಲಿಷನ್ನ ಕನ್ನಡ ಮಾಡ್ಯಾರ, ಹಂಗಾಗಿ 'ಆವ್ವಾರ್ ಲ ಕಾಫಾರ್' ಅನ್ನೂದಕ್ಕ 'ನೀಲಿ ಅನ್ನಿಸುವುದು' ಅಂತ ಅಚ್ಚಾಗೇತಿ. ಫ್ರೆಂಚ್ ಮಂದಿ ಅಲ್ಲಿ ಹೇಳೂದು ಜಿರಳಿ, 'ನನ್ನ ಹತ್ರ ಜಿರಳಿ ಐತಿ' ಅಂದ್ರ ಮನಸ್ಸ ಸರಿ ಇಲ್ಲ ಅಂತ. ನೀಲಿ ಬಂದದ್ದು ಇಂಗ್ಲಿಷಿನ 'ಫೀಲಿಂಗ್ ಬ್ಲೂ'ದಿಂದ. ಓದಿದವರಿಗೆ ಜಿರಳಿನೂ ಸಿಗಲಿಲ್ಲ, ಅರ್ಥಾನೂ ಸಿಗಲಿಲ್ಲ. 'ಯಾಕೋ ಜೀವಕ್ಕ ಬ್ಯಾಸರಾಗೇತಿ' ಅಂತ ಹಾಕಿದ್ರ ಮುಗೀತಿತ್ತಲ್ರಿ.

ಇದು ನಿಮ್ಮ ಪುರವಣಿ ಒಂದರ ಮಾತಲ್ಲ. ನಾವು ಕಲಿಸೂದೇ ಹಂಗ. ಪುಸ್ತಕ ಇಂಗ್ಲಿಷ್‌ನ್ಯಾಗ, ಡಿಕ್ಷನರಿ ಇಂಗ್ಲಿಷ್‌ನ್ಯಾಗ, ಮೊಬೈಲ್‌ನ್ಯಾಗಿನ ಆ್ಯಪ್‌ನೂ ಫ್ರೆಂಚಿನಿಂದ ಇಂಗ್ಲಿಷಿಗೆ, ಮನ್ಯಾಗ ಅವ್ವನ ಕೂಡ ಕನ್ನಡ ಮಾತಾಡೋ ಹುಡುಗ ಫ್ರೆಂಚ್ ಕಲಿಯಾಕ ಮೊದಲ ಇಂಗ್ಲಿಷ್ ಓಣಿ ಹಾದು ಬರಬೇಕು. ನಾನೂ ಭಾಳ ವರ್ಷ ಹಿಂಗ ಕಲಿಸೀನಿ, ಅದರ ಪರಿಣಾಮ ನೋಡೀನಿ ಅಂತನ ಈ ಪತ್ರ ಬರ್ಯಾಕತ್ತೀನಿ.

ಕ್ರಿಯಾಪದದ ಮಾತ ತಗೊಳ್ರಿ. 'ಸಾ ಮಾರ್ಶ್' ಅಂತಾರ ಫ್ರೆಂಚರು, ಮಾರ್ಶೆ ಅಂದ್ರ ಕಾಲಿಲೆ ನಡಿಯೂದು. ಮಿಷಿನ್ ಸರಿ ಇದ್ರೂ ಸಾ ಮಾರ್ಶ್, ಸಂಜಿಗೆ ಆರಕ್ಕ ಸಿಗೂಣು ಅಂದ್ರೂ ಸಾ ಮಾರ್ಶ್. ಇಂಗ್ಲಿಷ್‌ನ್ಯಾಗ 'ಇಟ್ ವಾಕ್ಸ್' ಅನ್ನಾಕ ಬರಂಗಿಲ್ಲ, ಅದಕ್ಕ ಹುಡುಗರು ಒಂದ ಕಡೆ 'ವರ್ಕ್ಸ್', ಇನ್ನೊಂದ ಕಡೆ 'ಓಕೆ' ಅಂತ ಎರಡ ಬ್ಯಾರೆ ಬ್ಯಾರೆ ಅರ್ಥ ಬಾಯಿಪಾಠ ಮಾಡ್ತಾರ. ನಮ್ಮ ಮಾತಿನ್ಯಾಗ ಏನಂತೀವಿ? ನಡೀತೈತಿ! ಪಂಪ್‌ಸೆಟ್ಟೂ ನಡೀತೈತಿ, ಆರಕ್ಕ ಬಂದ್ರೂ ನಡೀತೈತಿ. ಅದೇ ಕಾಲು, ಅದೇ ನಡಿಗಿ. ಇದನ್ನ ಹೇಳಿದ ದಿನ ಕ್ಲಾಸಿನ್ಯಾಗ ಹುಡುಗರ ಮುಖ ನೋಡಬೇಕಿತ್ರಿ ನೀವು, ಬಾಯಿಪಾಠನ ಬೇಕಾಗಲಿಲ್ಲ.

ಹಂಗ 'ಸಾ ಮ ಪ್ಲೆ'. ಇಂಗ್ಲಿಷ್‌ನ್ಯಾಗ 'ಐ ಲೈಕ್', ಅಲ್ಲಿ ನಾನೇ ಕರ್ತೃ. ಫ್ರೆಂಚಿನ್ಯಾಗ ವಸ್ತುನ ಕರ್ತೃ, ನಾ 'ನನಗ' ಆಗಿ ನಿಲ್ತೀನಿ, ನಮ್ಮ 'ಅದು ನನಗ ಸೇರ್ತೈತಿ' ಅಂದಂಗ. ಇದಕ್ಕಿಂತ ದೊಡ್ಡ ತ್ರಾಸ 'ತ್ಯು ಮ ಮಾಂಕ್' ಅನ್ನೂದರಾಗ. ಇದಕ್ಕ ಇಂಗ್ಲಿಷ್ 'ಐ ಮಿಸ್ ಯೂ', ಹುಡುಗರು ಆ 'ಐ'ನ ಮೊದಲ ಇಟ್ಟು 'ಜ ತ ಮಾಂಕ್' ಅಂತ ಬರೀತಾರ, ಅರ್ಥ ಪೂರ್ತಿ ತಿರುಗಿ ನಿಲ್ತೈತಿ, 'ನಿನಗ ನನ್ನ ನೆನಪಾಗ್ತೈತಿ' ಅಂತ ಆಗ್ತೈತಿ. 'ನೀ ನನಗ ನೆನಪಾಗ್ತಿ' ಅಂತ ಕನ್ನಡದಾಗ ವಿಚಾರ ಮಾಡಿ ಬರೀರಿ ಅಂದ್ರ ತಪ್ಪ ಆಗೂದಿಲ್ಲ, ನೀ ಮೊದಲ, ನನಗ ಆಮ್ಯಾಲ, ಎರಡೂ ಭಾಷಾದಾಗ ಹಂಗ ಐತಿ. ವಿಷಯ ತಿಳಿದಿರೂದಕ್ಕ ಸಾವ್ವಾರ್, ಮನಿಷ್ಯಾನ ಪರಿಚಯಕ್ಕ ಕೊನೆತ್ರ್, ಎರಡಕ್ಕೂ ಇಂಗ್ಲಿಷ್ ಒಂದ 'ನೋ' (know) ಕೊಡ್ತೈತಿ, ನಮ್ಮಲ್ಲಿ ವಿಷಯ ಗೊತ್ತಿರ್ತೈತಿ, ಮನಿಷ್ಯಾನ ಗುರುತ ಇರ್ತೈತಿ. 'ತ್ಯುತ್ವಾಯೆ' ಅಂತ ಒಂದ ಕ್ರಿಯಾಪದನ ಐತಿ, ತ್ಯು ಅಂದ್ರ ನೀ, ವೂ ಅಂದ್ರ ನೀವು, ಏಕವಚನದಾಗ ಮಾತಾಡೂದು ಅಂತ ಅದರ ಅರ್ಥ. ಒಂದ 'ಯೂ' ಇಟ್ಟಕೊಂಡಿರೋ ಇಂಗ್ಲಿಷ್ ಇದನ್ನ ಹೇಳಾಕ ಒಂದ ಉದ್ದ ವಾಕ್ಯ ಬರೀಬೇಕು. 'ಏಕವಚನದಾಗ ಮಾತಾಡಿಸಿದ' ಅಂತ ಜಗಳಾ ಮಾಡೋ ಊರಾಗ ಹುಟ್ಟಿದ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕೇನ್ರಿ?

ಆಡುಮಾತಿಗೆ ಬರ್ತೀನಿ, ಅಲ್ಲೆ ಬರೇ ತಪ್ಪಲ್ಲ, ಮರ್ಯಾದಿ ಹೋಗ್ತೈತಿ. ಮೂರ ವರ್ಷದ ಹಿಂದ ನನ್ನ ಸ್ಟೂಡೆಂಟ್ ಒಬ್ಬಾಕಿ ಮನಿಗೆ ಫ್ರಾನ್ಸಿನಿಂದ ಗಂಡ ಹೆಂಡತಿ ಊಟಕ್ಕ ಬಂದಿದ್ರು, ಆಕಿ ಅಪ್ಪಂದು ಉದ್ಯಮಬಾಗದಾಗ ಫೌಂಡ್ರಿ ಐತಿ, ಅದರ ವ್ಯವಹಾರಕ್ಕ. ಹೋಳಿಗಿ ಊಟ. ಮತ್ತೊಂದ ಹಾಕಾಕ ಅವ್ವ ಬಂದಾಗ ಈ ಹುಡುಗಿ ಅವರಿಗೂ ತಿಳೀಲಿ ಅಂತ 'ಐ ಆ್ಯಮ್ ಫುಲ್' ಅನ್ನೂದನ್ನ ಫ್ರೆಂಚ್ ಮಾಡಿ 'ಜ ಸ್ವಿ ಪ್ಲೆನ್' ಅಂದ್ಲು. ಪ್ಲೆನ್ ಅಂದ್ರ ತುಂಬಿದ್ದು ಖರೆ, ಆದ್ರ ಹೆಣ್ಣಿಗೆ ಹಂಗ ಅಂದ್ರ ದನ ಗಬ್ಬ ಆಗೇತಿ ಅಂತಾರಲ್ಲ, ಆ ಅರ್ಥ. ಬಂದವರು ಒಳ್ಳೆವರು, ಏನೂ ಅನ್ನಲಿಲ್ಲ, ಆದ್ರ ಆಮ್ಯಾಲ ಅರ್ಥ ತಿಳದು ಆ ಹುಡುಗಿ ಅತ್ತಿದ್ದು ನನಗ ಇನ್ನೂ ನೆನಪೈತಿ, ತಪ್ಪ ನಂದು, ನಾ ಕಲಿಸಿದ್ದ ಹಂಗ. ಅಲ್ಲಿ ಅನ್ನಬೇಕಾದ್ದು 'ಜೆ ಬ್ಯಾಂ ಮಾಂಜೆ', ಅಂದ್ರ ಚಲೋ ಉಂಡೆ. ನಾವೂ ಊಟ ಮುಗಿಸಿ ಏಳಾಗ 'ಚಲೋ ಉಂಡ್ವಿ ನೋಡ್ರಿ' ಅಂತನ ಅಂತೀವಿ, ಆಕಿ ತನ್ನ ಅಜ್ಜಿ ಮಾತ ನೆನಿಸಿಕೊಂಡಿದ್ರ ಸಾಕಿತ್ತು.

ಯಾವ ಮಾತ ಯಾರ ಮುಂದ ಅನ್ನೂದು ಇಂಗ್ಲಿಷ್ ಅರ್ಥದಾಗ ತಿಳಿಯೂದಿಲ್ಲ. 'ತಾ ಗೋಲ್' ಅನ್ನೂದಕ್ಕ 'ಶಟಪ್' ಅಂತ ಬರದಿರ್ತೈತಿ, ನಮ್ಮ ಹುಡುಗರು ಗೆಳ್ಯಾರಿಗೆ ದಿನಕ್ಕ ಹತ್ತ ಸಲ ಶಟಪ್ ಅಂತಾರ, ಹಗುರ ಮಾತ ಅಂತ ತಿಳ್ಕೋತಾರ. ಗೋಲ್ ಅಂದ್ರ ಪ್ರಾಣಿ ಬಾಯಿ, ಮನಿಷ್ಯಾರಿಗೆ ಹಚ್ಚಿದ್ರ ಅದು ನಮ್ಮ ಮುಸಡಿ. 'ಮುಸಡಿ ಮುಚ್ಚು' ಅಂತ ಅರ್ಥ ಹೇಳಿದ್ರ ಯಾವ ಹುಡುಗನೂ ಹಿರ್ಯಾರ ಮುಂದ ಅದನ್ನ ಬಾಯಿಗೆ ತರಂಗಿಲ್ಲ. ಅದರಿಂದನ 'ಆಂಗೋಲೆ' ಅನ್ನೋ ಕ್ರಿಯಾಪದ ಬಂದೈತಿ, ಅದಕ್ಕ 'ಬೈಯೂದು' ಸಾಲೂದಿಲ್ಲ, 'ಝಾಡಿಸೂದು' ಬೇಕು.

ಚಿತ್ರ ಕಟ್ಟೋ ಮಾತಂತೂ ಕೇಳಬ್ಯಾಡ್ರಿ. ಬರ್ತೀನಿ ಅಂತ ಹೇಳಿ ಬರದಿದ್ರ ಫ್ರೆಂಚರು 'ಮೊಲ ಇಟ್ಟ' ಅಂತಾರ, ನಾವು 'ಕೈ ಕೊಟ್ಟ' ಅಂತೀವಿ. ಸುಳ್ಳ ಹೇಳಿದ್ರ ಅವರದು 'ಸಾಲಾದ್ ಹೇಳೂದು', ನಮ್ಮದು ಬುರುಡಿ ಬಿಡೂದು. ಎಚ್ಚರ ತಪ್ಪಿದ್ರ ಅವರು ಸೇಬಿನ್ಯಾಗ ಬೀಳ್ತಾರ, ನಾವು ಚಕ್ಕರ ಬಂದು ಬೀಳ್ತೀವಿ. ಓಡಿ ಹೋಗೂದಕ್ಕ ಅವರು ಕಾಲು ಎತ್ತಿ ಕುತ್ತಿಗಿಗೆ ಹಚ್ಚಿಕೊಳ್ತಾರ, ನಾವು ಕಾಲಿಗೆ ಬುದ್ಧಿ ಹೇಳ್ತೀವಿ, ಎಷ್ಟ ಚಂದ ಐತಲ್ರಿ ಎರಡೂ! ಮಳಿ ಜೋರಾದ್ರ 'ಹಗ್ಗ ಸುರೀತೈತಿ' ಅಂತಾರ. ಇಂಗ್ಲಿಷ್‌ನ್ಯಾಗ ಜೋರ ಮಳಿಗೆ 'ನಾಯಿ ಬೆಕ್ಕು ಸುರೀತಾವ' ಅಂತಾರ, ಅವು ಇಲ್ಲಿ ಯಾಕ ಬೇಕು, ಜುಲೈ ತಿಂಗಳದಾಗ ಬೆಳಗಾವಿ ಹಂಚಿನ ಮನಿ ಸೂರಿನಿಂದ ನೀರ ಹಗ್ಗದಂಗ ಇಳಿಯೂದನ್ನ ಹುಡುಗರು ದಿನಾ ನೋಡ್ತಾರ.

ಈಗಿನ ಹುಡುಗರು ಅಲ್ಲಿ 'ಕಿಫೆ' ಅಂತಾರ, ಭಾಳ ಸೇರ್ತೈತಿ ಅಂತ. ಅದರ ಮೂಲ ಅರಬ್ಬಿ, ಉತ್ತರ ಆಫ್ರಿಕಾದಿಂದ ಫ್ರಾನ್ಸಿಗೆ ಹೋತು. ಅದೇ ಅರಬ್ಬಿ ಮೂಲದ 'ಕೈಫ್' ನಮ್ಮ ಓಣಿ ಮರಾಠಿಯೊಳಗ ನಶೆ ಅನ್ನೋ ಅರ್ಥದಾಗ ಐತಿ, ಮರಾಠಿ ಬರೋ ಹುಡುಗರು ತಾವ ಎದ್ದು ಹೇಳಿದ್ರು ನನಗ. ಶಬ್ದ ತಿರುವಿ ಹೇಳೂದು ಇನ್ನೊಂದ ಐತಿ, ವೆರ್ಲಾಂ ಅಂತಾರ, ಫು ಅಂದ್ರ ಹುಚ್ಚ, ಅದು ಉಫ್ ಆಗ್ತೈತಿ, ಬಿಝಾರ್ ಅಂದ್ರ ವಿಚಿತ್ರ, ಅದು ಝಾರ್ಬಿ ಆಗ್ತೈತಿ. ನಾವು ಸಣ್ಣವರಿದ್ದಾಗ ದೊಡ್ಡವರಿಗೆ ತಿಳೀಬಾರದಂತ 'ಕ' ಭಾಷಾ ಆಡ್ತಿದ್ವಲ್ಲ, ಅದರ ಸೋದರ ಸಂಬಂಧಿ ಅಂತ ಹೇಳ್ತೀನಿ ನಾ.

ಕೆಲವರು ಅಂತಾರ, ಆಡುಮಾತ ಪೇಪರ್‌ನ್ಯಾಗ ಯಾಕ, ಶುದ್ಧ ಭಾಷಾ ಕಲಿಸ್ರಿ ಅಂತ. ಭಾಷಾ ಶುದ್ಧ ಇರಲಿ ಅಂತ ನೋಡ್ಕೊಳ್ಳೋ ಫ್ರೆಂಚ್ ಅಕಾಡೆಮಿ 1635ರಾಗ ಹುಟ್ಟಿದ್ದು, ಮೊದಲನೇ ನಿಘಂಟು 1694ರಾಗ ತಂದ್ರು, 9ನೇ ಆವೃತ್ತಿ ಮುಗಿದದ್ದು 2024ಕ್ಕ, ಅಂಥಾ ಕಟ್ಟುನಿಟ್ಟಿನ ದೇಶದಾಗನ ಲೇಖಕ ವಿಕ್ಟರ್ ಹ್ಯೂಗೊ 1862ರ 'ಲೆ ಮಿಝೆರಾಬ್ಲ್' ಅನ್ನೋ ದೊಡ್ಡ ಕಾದಂಬರಿಯೊಳಗ ಕಳ್ಳರ, ಬೀದಿ ಮಂದಿಯ ಮಾತಿನ ಬಗ್ಗೆನ ಒಂದ ಇಡೀ ಭಾಗ ಬರದ. ನಮ್ಮ ಕಡೆ ಮಾತನ್ನ ಒರಟು ಅಂತ ಅನ್ನಿಸಿಕೊಂಡು ಅನ್ನಿಸಿಕೊಂಡು ನಮ್ಮ ಹುಡುಗರು ಕ್ಲಾಸಿನ್ಯಾಗ ಅದನ್ನ ಮುಚ್ಚಿಡ್ತಾರ, ನನಗ ಸಂಕಟ ಆಗೂದು ಅದಕ್ಕ. ಬೆಳಗಾವಿ, ಬಾಗಲಕೋಟಿ, ವಿಜಯಪುರದ ಹುಡುಗರ ಬಾಯಾಗ ಇರೋ ಮಾತ ಫ್ರೆಂಚಿಗೆ ಇಷ್ಟ ನೆಟ್ಟಗ ಕೂಡತಿರಬೇಕಾದ್ರ ಅದನ್ನ ಬಿಟ್ಟು ಸುತ್ತ ಹಾಕೂದು ಯಾಕ?

ಅದಕ್ಕ ನನ್ನ ವಿನಂತಿ ಇಷ್ಟ. ಪುರವಣಿಯೊಳಗ ಫ್ರೆಂಚ್ ಮಾತು ಬಂದಾಗ ಇಂಗ್ಲಿಷ್ ಅರ್ಥ ಬೇಕಾದ್ರ ಇರಲಿ, ಅದರ ಬಾಜೂಕ ಆಡೋ ಕನ್ನಡದ ಅರ್ಥ ಹಾಕ್ರಿ, ಹಿರ್ಯಾರ ಮುಂದ ಅನ್ನಬಹುದೋ ಗೆಳ್ಯಾರ ಮುಂದ ಅಷ್ಟನೋ ಅನ್ನೂದನ್ನೂ ಒಂದ ಸಾಲಿನ್ಯಾಗ ತಿಳಸ್ರಿ. ನನ್ನ ಕಡೆ ಒಂದ ನೋಟ್‌ಬುಕ್ ಐತಿ, ಕ್ಲಾಸಿನ ಹುಡುಗರ ಕೂಡ ಕುಂತು ನೂರಕ್ಕೂ ಹೆಚ್ಚ ಮಾತ ಹಿಂಗ ಜೋಡಿಸಿ ಬರದಿಟ್ಟೀವಿ. ನೀವು ಹೂಂ ಅಂದ್ರ ವಾರಕ್ಕ ಐದರಂಗ ಕಳಸ್ತೀನಿ, ರೊಕ್ಕ ಬ್ಯಾಡ, ಹುಡುಗರು ಕೂಡಿ ಮಾಡಿದ್ದು ಅಂತ ಒಂದ ಸಾಲ ಕೆಳಗ ಹಾಕಿದ್ರ ಸಾಕು.

ಒಬ್ಬ ಫ್ರೆಂಚ್ ಟೀಚರ್, ಟಿಳಕವಾಡಿ, ಬೆಳಗಾವಿ