ಶಟರ್ ಸೆನ್ಸರ್ ನೆಲದ ಹತ್ತಿರ ಇರಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ರೋಲಿಂಗ್ ಶಟರ್‌ಗಳಿಗೆ ಮೋಟಾರು ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಕಣ್ಣಾರೆ ನೋಡಿದ್ದೊಂದನ್ನು ಹೇಳಲೇಬೇಕು ಅನಿಸಿ ಈ ಪತ್ರ.

ಒಂದು ಮನೆಯಿಂದ ಫೋನ್ ಬಂತು. ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತದೆ, ಆಫೀಸಿಗೆ ಹೋಗುವ ಮುಂಚೆ ಬಂದು ನೋಡಿ ಅಂದರು. ಬೆಳಿಗ್ಗೆ ಏಳಕ್ಕೆ ಹೋಗಿ ಬ್ಯಾಟರಿ ಬದಲಾಯಿಸಿದೆ. 'ಕಾರು ಹೊರಗೆ ತೆಗೆದು ದೂರದಿಂದ ಒತ್ತಿ ನೋಡಿ ಸಾರ್' ಎಂದು ನಾನೇ ಹೇಳಿದೆ. ಕಾರು ಹೋಗುವುದನ್ನೇ ಕಾಯುತ್ತಿದ್ದ ಆ ಮನೆಯ ಅಜ್ಜಿ ಬಾಗಿಲಿಗೆ ನೀರು ಹಾಕಿ, ಶಟರ್ ಕೆಳಗೇ ಕುಕ್ಕರಗಾಲಲ್ಲಿ ಕೂತು ರಂಗೋಲಿ ಶುರು ಮಾಡಿದರು. ನಾನು ಒಳಗೆ ಸಾಮಾನು ಎತ್ತಿಡುತ್ತಿದ್ದೆ. ಕಾರಿನಲ್ಲಿದ್ದ ಅವರ ಮಗ ರಸ್ತೆಯ ತುದಿಯಿಂದ ರಿಮೋಟ್ ಒತ್ತಿದರು. ಶಟರ್ ಇಳಿಯುವ ಸದ್ದು ಕೇಳಿ ತಿರುಗಿದರೆ ಅಜ್ಜಿ ತಲೆ ತಗ್ಗಿಸಿ ಎಳೆ ಬಿಡುತ್ತಲೇ ಇದ್ದಾರೆ. ಕಿವಿ ಸ್ವಲ್ಪ ಮಂದ. 'ಅಜ್ಜೀ, ಏಳಿ' ಎಂದು ಕೂಗುತ್ತಾ ಓಡಿ ಗೋಡೆಯ ಸ್ವಿಚ್ ಒತ್ತಿದೆ. ಅವರ ಬೆನ್ನಿಗೂ ಶಟರಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ಆ ಮನೆಯಲ್ಲಿ ಸೆನ್ಸರ್ ಇರಲಿಲ್ಲ ಅಂದುಕೊಳ್ಳಬೇಡಿ. ಇತ್ತು, ಕೆಟ್ಟೂ ಇರಲಿಲ್ಲ. ಟೇಪ್ ಹಿಡಿದು ಅಳೆದೆ. ನೆಲದಿಂದ ಸರಿಯಾಗಿ ಮೂರು ಅಡಿ. ಕೂತಿದ್ದ ಅಜ್ಜಿಯ ತಲೆಯ ಮೇಲೆ ಸೆನ್ಸರಿನ ಬೀಮ್, ಅಂದರೆ ಬೆಳಕಿನ ಗೆರೆ, ಹಾದುಹೋಗುತ್ತಿತ್ತು. ಅದರ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ.

ಸೆನ್ಸರ್ ಎಂದರೆ ಎದುರು ಬದುರು ಕೂರಿಸುವ ಎರಡು ಪುಟ್ಟ ಡಬ್ಬಿ. ಒಂದು ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಏನಾದರೂ ಅಡ್ಡ ಬಂದರೆ ಇಳಿಯುವ ಶಟರ್ ನಿಂತು ವಾಪಸ್ ಮೇಲೇರಬೇಕು. ಅದಕ್ಕೆ ಕಾಣುವುದು ಆ ಒಂದು ಗೆರೆ ಮಾತ್ರ. ಅಂಬೆಗಾಲಿಡುವ ಮಗು, ಚೆಂಡು ಎತ್ತಲು ಬಗ್ಗಿದ ಹುಡುಗ, ಜಾರಿ ಬಿದ್ದವರು, ಮಲಗಿದ ನಾಯಿ ಎಲ್ಲ ಇರುವುದು ನೆಲದ ಹತ್ತಿರ. ಹಾಗಾಗಿ ಆ ಗೆರೆಯೂ ಅಲ್ಲೇ ಇರಬೇಕು ಅಲ್ವಾ? ಅಮೆರಿಕದಲ್ಲಿ ಮಕ್ಕಳು ಗ್ಯಾರೇಜ್ ಬಾಗಿಲಿನಡಿ ಸಿಕ್ಕಿ ಸತ್ತ ಮೇಲೆ, 1993ರಿಂದ ತಯಾರಾಗುವ ಮನೆ ಗ್ಯಾರೇಜ್ ಮೋಟಾರುಗಳಿಗೆಲ್ಲ ಇಂಥ ರಕ್ಷಣೆ ಇರಲೇಬೇಕೆಂದು ಕಾನೂನು ಮಾಡಿದರು. ಅಲ್ಲಿ ಸೆನ್ಸರ್ ನೆಲದಿಂದ 6 ಇಂಚಿಗಿಂತ ಮೇಲೆ ಹೋಗುವಂತಿಲ್ಲ.

ನಮ್ಮಲ್ಲಿ ಅದನ್ನು ಮೇಲೆ ಹಾಕುವುದಕ್ಕೂ ಕಾರಣ ಇದೆ, ಅದನ್ನೂ ಹೇಳಬೇಕು. ಬಾಗಿಲು ತೊಳೆದ ನೀರು, ಮಳೆಯ ಕೆಸರು ಸಿಡಿಯುತ್ತದೆ. ಇನ್ನೊಂದು ಕಾರಣ ಕಾರು. 6 ಇಂಚಿನಲ್ಲಿ ಇಟ್ಟರೆ ಎರಡು ಚಕ್ರದ ನಡುವೆ, ಕಾರಿನ ಹೊಟ್ಟೆಯ ಅಡಿಯಲ್ಲಿ ಬೀಮ್ ಹಾದುಹೋಗಬಹುದು. ಆಗ ಶಟರ್ ಕಾರಿನ ಮೇಲೇ ಇಳಿಯುತ್ತದೆ. ಗಿರಾಕಿಗಳಿಗೆ ಇದೇ ಭಯ ಜಾಸ್ತಿ. ಅದಕ್ಕೆ ಎರಡು ಜೊತೆ ಹಾಕಿಸಿ. ಒಂದು ಕಣಕಾಲಿನ ಮಟ್ಟದಲ್ಲಿ, ಇನ್ನೊಂದು ಬಂಪರಿನ ಮಟ್ಟದಲ್ಲಿ. ಯಾವುದಕ್ಕೆ ಅಡ್ಡ ಬಂದರೂ ಶಟರ್ ನಿಲ್ಲುವ ಹಾಗೆ ವೈರಿಂಗ್ ಮಾಡಬಹುದು. ಮೋಟಾರಿನ ಖರ್ಚಿನ ಮುಂದೆ ಇದು ದೊಡ್ಡದಲ್ಲ. ಕೆಳಗಿನದಕ್ಕೆ ನೀರು ಹೋಗದ ಡಬ್ಬಿ, ಮೇಲೊಂದು ತಗಡಿನ ಮುಚ್ಚಳ ಸಾಕು. ಬಿಸಿಲು ನೇರವಾಗಿ ಬಿದ್ದರೆ ಬೆಳಕು ಹಿಡಿಯುವ ಡಬ್ಬಿ ತಬ್ಬಿಬ್ಬಾಗುತ್ತದೆ, ಅದನ್ನು ನೆರಳು ಬೀಳುವ ಕಡೆ ಕೂರಿಸಬೇಕು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದು ಕೆಲಸ ಕಂಡಾಗ. ಜೇಡರ ಬಲೆ ಕಟ್ಟಿ ಅಥವಾ ಡಬ್ಬಿ ಸ್ವಲ್ಪ ಓರೆಯಾಗಿ ಶಟರ್ ಮುಚ್ಚದೇ ಹೋದರೆ, ಒರೆಸಿ ನೇರ ಮಾಡಲು ಐದು ನಿಮಿಷ ಸಾಕು. ಅದನ್ನು ಬಿಟ್ಟು ಎರಡೂ ಡಬ್ಬಿಗಳನ್ನು ಕಿತ್ತು, ಮುಖಕ್ಕೆ ಮುಖ ಸೇರಿಸಿ ಟೇಪ್ ಸುತ್ತಿ ಮೋಟಾರಿನ ಪಕ್ಕ ನೇತುಹಾಕಿರುತ್ತಾರೆ. ಎಷ್ಟೋ ಕಡೆ ಬೋರ್ಡಿನಲ್ಲಿ ಒಂದು ತುಂಡು ವೈರ್ ಸಿಕ್ಕಿಸಿ ಸೆನ್ಸರನ್ನೇ ತಪ್ಪಿಸಿರುತ್ತಾರೆ. ನಮ್ಮ ಕಸುಬಿನವರೇ ಮಾಡುವ ಕೆಲಸ ಇದು. ದಯವಿಟ್ಟು ನಿಲ್ಲಿಸಿ. ನಾವು ಕೂರಿಸುವ ಮೋಟಾರು 300, 600 ಕೆ.ಜಿ. ಎತ್ತುವಂಥವು. ಅದಕ್ಕೆ ಮಗು ಯಾವುದು, ರಟ್ಟಿನ ಡಬ್ಬ ಯಾವುದು ಗೊತ್ತಾಗುವುದಿಲ್ಲ.

ಲಿಫ್ಟ್‌ಗೆ ಲೈಸೆನ್ಸ್ ಬೇಕು, ಇಲಾಖೆಯವರು ಬಂದು ಪರೀಕ್ಷೆ ಮಾಡುತ್ತಾರೆ. ನಾನು ಹಾಕಿದ ಒಂದು ಶಟರನ್ನೂ ಈವರೆಗೆ ಯಾರೂ ಬಂದು ನೋಡಿಲ್ಲ. ಮೋಟಾರ್ ಇರುವ ಶಟರ್, ಗೇಟುಗಳಿಗೂ ಸರ್ಕಾರ ಇಂಥದ್ದೊಂದು ನಿಯಮ ತರಬೇಕು, ಸೆನ್ಸರಿನ ಎತ್ತರವನ್ನೂ ಅದರಲ್ಲಿ ಬರೆಯಬೇಕು.

ಅಲ್ಲಿಯವರೆಗೆ ಮನೆಯವರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಇವತ್ತೇ ಒಂದು ಕೆಲಸ ಮಾಡಿ. ಒಂದು ಅಡಿ ಎತ್ತರದ ಖಾಲಿ ರಟ್ಟಿನ ಡಬ್ಬವನ್ನು ಸೆನ್ಸರುಗಳ ನಡುವೆ ನೆಲದ ಮೇಲಿಟ್ಟು ರಿಮೋಟ್ ಒತ್ತಿ. ಶಟರ್ ಇಳಿಯಲೇಬಾರದು, ಇಳಿದರೂ ಡಬ್ಬಕ್ಕೆ ತಾಗುವ ಮೊದಲೇ ವಾಪಸ್ ಹೋಗಬೇಕು. ಹಾಗಾಗದಿದ್ದರೆ ಮೋಟಾರಿನ ಸ್ವಿಚ್ ಆಫ್ ಮಾಡಿ, ಸರಿಯಾಗುವ ತನಕ ಪಕ್ಕದಲ್ಲಿರುವ ಚೈನ್ ಎಳೆದೇ ತೆಗೆಯಿರಿ, ಹಾಕಿರಿ.

ಆ ಅಜ್ಜಿಯ ಮನೆಯಲ್ಲಿ ಅವತ್ತೇ ಸೆನ್ಸರ್ ಇಳಿಸಿ 5 ಇಂಚಿಗೆ ಕೂರಿಸಿ ಬಂದೆ. ಬಂಪರಿನ ಮಟ್ಟದ್ದು ಮುಂದಿನ ವಾರ ಹಾಕಿದೆ.

– ಒಬ್ಬ ಶಟರ್ ಮೆಕ್ಯಾನಿಕ್, ಬೆಂಗಳೂರು